ಧಾಟಿ ಉಳಿಯಿತು, ಹೆಜ್ಜೆ ಅಳಿಯಿತು

ಹಳೆಯ ಇಂಗ್ಲಿಷ್ ಪುಸ್ತಕವೊಂದರ ಮರುಮುದ್ರಣವನ್ನು ಮೊನ್ನೆ ತಿರುವಿಹಾಕುತ್ತಿದ್ದೆ. ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ಪ್ಲೇಫರ್ಡ್ 1651ರಲ್ಲಿ ಪ್ರಕಟಿಸಿದ ‘ದಿ ಇಂಗ್ಲಿಷ್ ಡಾನ್ಸಿಂಗ್ ಮಾಸ್ಟರ್’ ಅದು. ಒಂದನೆಯ ಚಾರ್ಲ್ಸ್ ದೊರೆಯ ತಲೆ ಉರುಳಿ ಆಗ್ಗೆ ಎರಡು ವರ್ಷವಾಗಿತ್ತು. ನಾಟಕಶಾಲೆಗಳಿಗೆ ಬೀಗ ಬಿದ್ದಿತ್ತು. ಅಂಥ ದಿನಗಳಲ್ಲಿ, ಗಂಡು ಹೆಣ್ಣು ಎದುರುಬದುರು ನಿಂತು ಆಡುವ ನೂರಕ್ಕೂ ಹೆಚ್ಚು ‘ಕಂಟ್ರಿ ಡಾನ್ಸ್’ಗಳ ಪುಸ್ತಕ ಹೊರಬಂದುದೇ ಒಂದು ಸೋಜಿಗ. ಜನಕ್ಕೆ ಅದು ಹಿಡಿಸಿತು; 1728ರ ಸುಮಾರಿನವರೆಗೂ ಮುದ್ರಣದ ಮೇಲೆ ಮುದ್ರಣ ಕಂಡಿತು.

ಪುಟದ ಮೇಲ್ಗಡೆ ಧಾಟಿಯ ಸ್ವರಲಿಪಿ. ಕೆಳಗೆ ನಾಲ್ಕಾರು ಸಾಲಿನ ಸೂಚನೆ. ಯಾರು ಯಾರ ಕೈ ಹಿಡಿಯಬೇಕು, ಯಾವ ಜೋಡಿ ಎತ್ತ ಸರಿಯಬೇಕು ಎಂಬಷ್ಟು ಗೊತ್ತಾಗುತ್ತದೆ. ಆದರೆ ಪಾದ ಎತ್ತಿಡುವುದು ಹೇಗೆ, ಮೈ ಬಾಗಬೇಕೆ, ನೆಟ್ಟಗಿರಬೇಕೆ? ಪುಸ್ತಕ ತುಟಿ ಬಿಚ್ಚುವುದಿಲ್ಲ. ಕೊಂಡವರಿಗೆ ಅದು ಗೊತ್ತೇ ಇತ್ತು. ಎಲ್ಲರಿಗೂ ಗೊತ್ತಿದ್ದುದನ್ನು ಯಾರೂ ಬರೆದಿಡುವುದಿಲ್ಲ. ಮೊದಲು ಕಳೆದುಹೋಗುವುದೂ ಅದೇ.

ಈ ತೆರಪನ್ನು ತುಂಬಹೊರಟವರು ಸಂಗೀತದ ಮೇಷ್ಟ್ರು ಸೆಸಿಲ್ ಶಾರ್ಪ್. 1899ರ ಡಿಸೆಂಬರ್ 26ರಂದು ಆಕ್ಸ್‌ಫರ್ಡ್ ಬಳಿಯ ಹೆಡಿಂಗ್‌ಟನ್ನಿನಲ್ಲಿ, ಗೆಜ್ಜೆ ಕಟ್ಟಿ ಕರವಸ್ತ್ರ ಬೀಸುವ ಮಾರಿಸ್ ಕುಣಿತದ ಮೇಳವೊಂದನ್ನು ಅವರು ಕಂಡರು. ಚಳಿಗೆ ಕಟ್ಟಡದ ಕೆಲಸ ನಿಂತುಹೋಗಿ, ನಾಲ್ಕು ಕಾಸಿಗಾಗಿ ಅಕಾಲದಲ್ಲಿ ಕುಣಿಯಬಂದವರು ಅವರು. ಕಾನ್ಸರ್ಟೀನಾ ನುಡಿಸುತ್ತಿದ್ದ ಗಾರೆ ಕೆಲಸದ ವಿಲಿಯಂ ಕಿಂಬರ್ ಅವರನ್ನು ಮರುದಿನ ಕರೆಸಿ ಶಾರ್ಪ್ ಧಾಟಿಗಳನ್ನು ಬರೆದುಕೊಂಡರು. ಮುಂದೆ ಹಳ್ಳಿಗಳಲ್ಲಿ ಉಳಿದಿದ್ದ ಕಂಟ್ರಿ ಡಾನ್ಸ್‌ಗಳನ್ನೂ ಸಂಗ್ರಹಿಸಿ, 1911ರಲ್ಲಿ ಪ್ಲೇಫರ್ಡನ ಕುಣಿತಗಳಿಗೆ ತಮ್ಮ ವ್ಯಾಖ್ಯಾನ ಪ್ರಕಟಿಸಿದರು. ಅದೇ ವರ್ಷ ಇಂಗ್ಲಿಷ್ ಜಾನಪದ ನೃತ್ಯ ಸಂಘವನ್ನೂ ಕಟ್ಟಿದರು. ಪುಸ್ತಕ ಹೇಳದುದನ್ನು ಹಳ್ಳಿಯ ಹೆಜ್ಜೆ ಹೇಳೀತೆಂಬುದು ಅವರ ನಂಬಿಕೆ. ಆದರೆ ಪ್ಲೇಫರ್ಡನ ಅಂಗಡಿ ಇದ್ದುದು ಲಂಡನ್ನಿನ ವಕೀಲರ ನೆಲೆಯಾದ ಇನ್ನರ್ ಟೆಂಪಲ್‌ನಲ್ಲಿ. ಅಲ್ಲಿ ಪುಸ್ತಕ ಕೊಂಡ ಪಟ್ಟಣಿಗರ ಕಾಲೂ, ಎರಡೂವರೆ ಶತಮಾನದ ಈಚಿನ ಹಳ್ಳಿಗರ ಕಾಲೂ ಒಂದೇ ಬಗೆಯಲ್ಲಿ ಆಡಿದವೆಂದು ಸಾಕ್ಷಿ ನುಡಿಯುವವರಾರು?

1912ರ ಪುಟ್ಟ ಚಲನಚಿತ್ರವೊಂದು ಉಳಿದಿದೆ. ಶಾರ್ಪ್, ಸೋದರಿಯರಾದ ಮಾಡ್ ಮತ್ತು ಹೆಲೆನ್ ಕಾರ್ಪಲೀಸ್, ಸಂಗೀತ ರಚನಕಾರ ಜಾರ್ಜ್ ಬಟರ್‌ವರ್ತ್ ಅದರಲ್ಲಿ ಕುಣಿಯುತ್ತಾರೆ. ಚಿತ್ರ ಮೂಕ. ನಾಲ್ಕು ವರ್ಷ ಕಳೆದು, 1916ರ ಆಗಸ್ಟಿನಲ್ಲಿ, ಬಟರ್‌ವರ್ತ್ ಸೋಮ್ ರಣರಂಗದಲ್ಲಿ ಮಡಿದರು. ಆಗ ಅವರಿಗೆ 31 ವರ್ಷ. ಪುಸ್ತಕದಲ್ಲಿ ಧಾಟಿಯಿದೆ, ದೇಹವಿಲ್ಲ. ಚಿತ್ರದಲ್ಲಿ ದೇಹವಿದೆ, ಧಾಟಿಯಿಲ್ಲ. ಎರಡನ್ನೂ ಒಟ್ಟಿಗೆ ನೆನೆದಾಗ ನನಗೆ ಬಹಳ ಹೊತ್ತು ಓದು ಮುಂದುವರಿಯಲಿಲ್ಲ.

ಶಾರ್ಪ್ 1924ರಲ್ಲಿ ತೀರಿಕೊಂಡರು. ತರುವಾಯ ಪ್ಯಾಟ್ ಶಾ ಮೊದಲಾದವರು ಪ್ಲೇಫರ್ಡನನ್ನು ಹೊಸದಾಗಿ ಓದಿ ಬೇರೆಯೇ ಅರ್ಥ ಹೇಳಿದರು. ಶಾರ್ಪರ ನೆನಪಿಗೆಂದು 1930ರಲ್ಲಿ ಲಂಡನ್ನಿನಲ್ಲಿ ತೆರೆದ ಸೆಸಿಲ್ ಶಾರ್ಪ್ ಹೌಸ್‌ನಲ್ಲಿ ಇಂದಿಗೂ ಕುಣಿತ ನಡೆಯುತ್ತದೆ. ಪಿಟೀಲಿನವರು ಎದುರಿಗೇ ಕೂತು ನುಡಿಸುವಾಗ ಒಂದೇ ಧಾಟಿ ಪ್ರತಿ ಸುತ್ತಿಗೂ ಹೊಸ ಬಳುಕು ಪಡೆಯುತ್ತದೆ. ಕಾಲು ಅದನ್ನು ಹಿಂಬಾಲಿಸುತ್ತದೆ. ಕಾಲು ತಡವರಿಸಿದರೆ ಕಮಾನು ತಾನೇ ನಿಧಾನಿಸುತ್ತದೆ. ಈ ಕೊಡುಕೊಳೆ ಧ್ವನಿಮುದ್ರಿಕೆಯಿಂದ ಬಾರದು.

ಇದನ್ನು 1651ರ ಕುಣಿತವೆಂದರೆ ಚರಿತ್ರೆಗೆ ಅಪಚಾರ. ಬರಿಯ ಕಟ್ಟುಕಥೆಯೆಂದರೆ ಕುಣಿಯುವವರಿಗೆ ಅನ್ಯಾಯ. ಅರ್ಧ ಹಿರಿಯರು ಬಿಟ್ಟುಹೋದುದು, ಅರ್ಧ ಇಂದಿನವರು ಊಹಿಸಿದ್ದು. ಎಷ್ಟು ಊಹೆಯೆಂಬುದನ್ನು ಬಾಯಿಬಿಟ್ಟು ಹೇಳಿ ಕುಣಿದರೆ, ನನ್ನ ಮಟ್ಟಿಗೆ ಅದೇ ಪ್ರಾಮಾಣಿಕ ಚರಿತ್ರೆ.