ಮೇಣ ಕರಗಿಸಿದ ಕೈಗಳು

ಹೀಟ್ ಗನ್, ಹೀಟ್ ಟೂಲ್ ಎಂದೆಲ್ಲ ಕರೆಯುವ ಆ ಚಿಕ್ಕ ಕೈಯಂತ್ರ ಈಗ ನಮ್ಮ ಮಹಿಳಾ ವಿಭಾಗದ ಹಲವು ಸದಸ್ಯೆಯರಿಗೆ ಪರಿಚಿತ. ನೋಡಲು ಕೂದಲು ಒಣಗಿಸುವ ಡ್ರೈಯರ್‌ನ ತಂಗಿಯಂತಿದ್ದರೂ ಸ್ವಭಾವ ಬೇರೆ. ಡ್ರೈಯರ್ ಗಾಳಿಯನ್ನು ರಭಸದಿಂದ ಊದುತ್ತದೆ, ಅದರ ಬಿಸಿ ಕಡಿಮೆ. ಇದು ಗಾಳಿಯನ್ನು ಮೆಲ್ಲಗೆ ಬಿಡುತ್ತದೆ, ಆದರೆ ಬಿಸಿ ಬಹಳ ಹೆಚ್ಚು. ಕಾರ್ಡಿನ ಮೇಲೆ ಎಂಬಾಸಿಂಗ್ ಪುಡಿ ಉದುರಿಸಿ ಡ್ರೈಯರ್ ಹಿಡಿದರೆ ಪುಡಿ ಮನೆ ತುಂಬ ಹಾರುತ್ತದೆ. ಇದನ್ನು ಹಿಡಿದರೆ ಅಲ್ಲೇ ಕರಗಿ, ಹೊಳೆಯುವ ಉಬ್ಬು ಅಕ್ಷರವಾಗುತ್ತದೆ. ಮರದ ಹಲಗೆಯ ಮೇಲೆ ಬಣ್ಣದ ಜೇನುಮೇಣ ಹಚ್ಚಿ, ನಡುವೆ ಹಳೆಯ ಕಾಗದ, ದಾರ, ಒಣ ಎಲೆ ಇಟ್ಟು ಬಿಸಿ ತೋರಿಸಿದರೆ ಪದರಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಈ ಯಂತ್ರದ ಬಾಯಿಯಲ್ಲಿ ಅದರ ಹಲವು ಪಟ್ಟು ಬಿಸಿ ಇರುವುದರಿಂದ ಒಂದೇ ಕಡೆ ನಿಲ್ಲಿಸದೆ ಕೈ ಆಡಿಸುತ್ತಲೇ ಇರಬೇಕು. ಮೇಣ ಹೊಗೆಯಾಡತೊಡಗಿದರೆ ಬಿಸಿ ಮಿತಿ ಮೀರಿತು ಎಂದೇ ಅರ್ಥ. ಕಿಟಕಿ ತೆರೆದಿರಲಿ.

ಇದು ಕಲೆಗೆಂದೇ ಹುಟ್ಟಿದ ಯಂತ್ರವೂ ಅಲ್ಲ. ಬೊರಿವಲಿ ಸ್ಟೇಷನ್ ಪಕ್ಕದ ಮೊಬೈಲ್ ರಿಪೇರಿಯವನು ಚಿಪ್ ಬಿಡಿಸಲು ಹಿಡಿಯುವುದು ಇದರ ಅಣ್ಣನನ್ನು. ಮದುವೆಯ ತಟ್ಟೆಗಳಿಗೆ ಪ್ಲಾಸ್ಟಿಕ್ ಹಾಳೆ ಬಿಗಿಯುವವರ ಕೈಯಲ್ಲಿರುವುದೂ ಅದೇ. ಹಳೆಯ ಪೇಂಟ್ ಕೀಳುವವರಿಗೂ ಇದು ಬೇಕು. ಅಲ್ಲೆಲ್ಲ ಸುತ್ತಿ ನಮ್ಮ ಊಟದ ಮೇಜಿಗೆ ಬಂದಿದೆ. "ಇದೆಲ್ಲ ಫಾರಿನ್ ಕಲೆ, ನಮ್ಮದಲ್ಲ" ಎಂದು ನಮ್ಮವರೇ ಹೇಳುವುದನ್ನು ಕೇಳಿ ಇದರ ಚರಿತ್ರೆ ಹುಡುಕಲು ಕುಳಿತೆ. ಹುಡುಕುತ್ತ ಹೋದಂತೆ, ನಮ್ಮದೋ ಪರರದೋ ಎಂಬುದಕ್ಕಿಂತ ಬೇರೊಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಬಿಸಿ ಹಿಡಿದ ಕೈ ಯಾರದು, ಹೆಸರು ಯಾರಿಗೆ ಸಿಕ್ಕಿತು, ದುಡ್ಡು ಯಾರಿಗೆ ಹೋಯಿತು?

ಮೊದಲು ನಮ್ಮ ಮನೆಯಿಂದಲೇ ಆರಂಭಿಸೋಣ. ಮೇಣಕ್ಕೆ ಮೊದಲು ನಮ್ಮ ಹಿರಿಯರ ಕೈಗೆ ಹತ್ತಿದ್ದು ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ಅರಗಿನ ಹುಳು ಸುರಿಸುವ ಅಂಟು ಅದು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಕತೆ ಕೇಳಿ ಬೆಳೆದ ನಮಗೆ, ಅದು ಬೆಂಕಿಗೆ ಎಷ್ಟು ಬೇಗ ಒಲಿಯುತ್ತದೆಂದು ಬೇರೆ ಹೇಳಬೇಕಿಲ್ಲ. ಅಕ್ಕಸಾಲಿಗರು ಊದುಗೊಳವೆಯಿಂದ ದೀಪದ ಉರಿಯನ್ನು ಬೇಕಾದಷ್ಟೇ ಜಾಗಕ್ಕೆ ತಿರುಗಿಸುತ್ತಿದ್ದರು. ಬಾಯಿಯ ಗಾಳಿಯಿಂದ ನಡೆಯುವ ಹೀಟ್ ಟೂಲ್ ಅದು, ಇನ್ನೇನು! ಟೊಳ್ಳು ಒಡವೆಯೊಳಗೆ ಅರಗು ತುಂಬುತ್ತಿದ್ದರು, ಚಿನ್ನ ತಗ್ಗು ಬೀಳದಿರಲಿ ಎಂದು. ಅಜ್ಜಿಯ ಕಾಲದ ಅಂಥ ಒಡವೆ ಮಾರಲು ಹೋದವರಿಗೆ ಗೊತ್ತು, ಅರಗಿನ ತೂಕ ಕಳೆದ ಮೇಲೆ ತಕ್ಕಡಿ ಏನು ಹೇಳುತ್ತದೆಂದು. ಹೆಂಗಸರ ಕೈಯಲ್ಲಿದ್ದ ಒಂದೇ ಆಸ್ತಿಯ ಒಳಗೂ ಅರಗು ಕೂತಿತ್ತು.

ಮುಂಬಯಿಯಲ್ಲಿ ನಾನು ಅರಗನ್ನು ಕಂಡದ್ದು ಕೋಟೆ ಪ್ರದೇಶದ ಜನರಲ್ ಪೋಸ್ಟ್ ಆಫೀಸಿನ ಹೊರಗೆ. ಊರಿನಲ್ಲಿದ್ದ ಅಜ್ಜಿಗೆ ಸೀರೆ, ಶಾಲು, ಔಷಧಿ ಕಳುಹಿಸಬೇಕಾದಾಗ ಅಪ್ಪ ನನ್ನನ್ನೂ ಕರೆದುಕೊಂಡು ಬೊರಿವಲಿಯಿಂದ ಲೋಕಲ್ ಹತ್ತುತ್ತಿದ್ದರು. ಫುಟ್‌ಪಾತಿನಲ್ಲಿ ಕೂತ ಪಾರ್ಸೆಲ್‌ನವರು ಡಬ್ಬವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಪ್ಪ ಸೂಜಿಯಿಂದ ಸರಸರ ಹೊಲಿದು, ಉರಿಗೆ ಅರಗಿನ ಕಡ್ಡಿ ಹಿಡಿದು ಹೊಲಿಗೆಯ ಮೇಲೆ ಕೆಂಪು ಹನಿ ಬೀಳಿಸಿ ಮುದ್ರೆ ಒತ್ತುತ್ತಿದ್ದರು. ಮುದ್ರೆ ಒಡೆದಿದ್ದರೆ ದಾರಿಯಲ್ಲಿ ಯಾರೋ ಬಿಚ್ಚಿದ್ದಾರೆ ಎಂದು ತಿಳಿಯುತ್ತಿತ್ತು. ಆ ಕೆಂಪು ಹನಿಯ ವಾಸನೆ ನನಗೆ ಇನ್ನೂ ನೆನಪಿದೆ. ಅಂದಹಾಗೆ, 1913ರಲ್ಲಿ ಮುಗಿದ, ಜಾನ್ ಬೆಗ್ ವಿನ್ಯಾಸಗೊಳಿಸಿದ ಆ ಕಟ್ಟಡದ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಳಗುಮ್ಮಟ. ಕನ್ನಡನಾಡಿನ ಗುಮ್ಮಟದ ನೆರಳಲ್ಲೇ ನಮ್ಮ ಪಾರ್ಸೆಲುಗಳಿಗೆ ಅರಗು ಬೀಳುತ್ತಿತ್ತು ಎಂದುಕೊಂಡರೆ ಸಣ್ಣ ಹೆಮ್ಮೆ ನನಗೆ!

ಅರಗಿಗೆ ಉರಿಯೇ ಬೇಕೆಂದಿಲ್ಲ ಎಂಬುದನ್ನು ಕಲಿಸಿದವರು ಚನ್ನಪಟ್ಟಣದವರು. ಲೇತಿನಲ್ಲಿ ಹಾಲೆ ಮರದ ತುಂಡು ಗಿರಗಿರ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಗರಿಯನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ನಮ್ಮ ಹೀಟ್ ಗನ್ ಮಾಡುವ ಕೆಲಸವನ್ನು ಅಲ್ಲಿ ತಿರುಗುವ ಮರವೇ ಮಾಡಿಕೊಳ್ಳುತ್ತದೆ. ಈಗ ಅಲ್ಲಿ ಹೆಂಗಸರೂ ಲೇತಿನ ಮುಂದೆ ಕೂರುತ್ತಾರೆ.

ಇನ್ನು ಮೇಣದಿಂದ ಚಿತ್ರ ಬರೆಯುವ ಕಲೆ. ಇಂಗ್ಲಿಷಿನಲ್ಲಿ ಎನ್‌ಕಾಸ್ಟಿಕ್ ಎನ್ನುತ್ತಾರೆ. ಮೂಲ ಗ್ರೀಕ್ ಪದಕ್ಕೆ ಸುಟ್ಟು ಹತ್ತಿಸಿದ್ದು ಎಂಬ ಅರ್ಥ. ಈಜಿಪ್ಟಿನ ಫಯೂಮ್ ಕಡೆ ಕ್ರಿ.ಶ. 1ರಿಂದ 3ನೇ ಶತಮಾನದವರೆಗೆ ಸತ್ತವರ ಮುಖಗಳನ್ನು ಹಲಗೆಯ ಮೇಲೆ ಬಣ್ಣದ ಮೇಣದಲ್ಲಿ ಬರೆದು ಮಮ್ಮಿಗಳ ಮೇಲೆ ಕೂರಿಸುತ್ತಿದ್ದರು. ಸುಮಾರು 900 ಚಿತ್ರಗಳು ಈಗಲೂ ಉಳಿದಿವೆ. ಫೋಟೋದಲ್ಲಿ ನೋಡಿದರೂ ಸಾಕು, ಕೆಲವು ಹೆಂಗಸರ ಕಿವಿಯೋಲೆ, ಕತ್ತಿನ ಸರ, ಬಾಚಿ ಕಟ್ಟಿದ ಕೂದಲು ನಿನ್ನೆ ಬರೆದಂತೆ ಕಾಣುತ್ತವೆ. ಕೆಲವಕ್ಕೆ ಚಿನ್ನದ ರೇಕನ್ನೂ ಅಂಟಿಸಿದ್ದಾರೆ. ನಾವು ಈಗ ಮಿಕ್ಸೆಡ್ ಮೀಡಿಯಾ ಎನ್ನುವುದು ಅದನ್ನೇ ಅಲ್ಲವೇ?

ಈ ಚಿತ್ರಗಳನ್ನು ಬರೆದವರ ಹೆಸರು ಹೆಚ್ಚಾಗಿ ಅಳಿದುಹೋಗಿದೆ. ಆದರೆ ಅದಕ್ಕೂ ಹಿಂದಿನ ಒಬ್ಬ ಹೆಂಗಸಿನ ಹೆಸರು ಉಳಿದಿದೆ, ಅವಳ ವಿಷಯ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಅವಳು ಯಾಯಾ. ಈಗಿನ ತುರ್ಕಿಯಲ್ಲಿರುವ ಸಿಜಿಕಸ್ ಪಟ್ಟಣದವಳು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಗೆ ಬಲಿಯಾದ ಪ್ಲಿನಿ ತನ್ನ ದೊಡ್ಡ ಗ್ರಂಥದ 35ನೇ ಭಾಗದಲ್ಲಿ ಅವಳನ್ನು ನೆನೆದಿದ್ದಾನೆ. ಅವಳು ಮದುವೆಯಾಗಲಿಲ್ಲ. ರೋಮಿನಲ್ಲಿ ಕುಂಚದಿಂದಲೂ, ದಂತದ ಮೇಲೆ ಮೊನಚಾದ ಉಪಕರಣದಿಂದಲೂ ಚಿತ್ರಿಸುತ್ತಿದ್ದಳು, ಹೆಚ್ಚಾಗಿ ಹೆಂಗಸರ ಮುಖಗಳನ್ನು. ಕನ್ನಡಿ ನೋಡಿಕೊಂಡು ತನ್ನ ಚಿತ್ರವನ್ನೂ ಬರೆದುಕೊಂಡಳು. ಅವಳಷ್ಟು ಚುರುಕು ಕೈ ಬೇರೆ ಯಾರದೂ ಇರಲಿಲ್ಲ, ಆ ಕಾಲದ ಹೆಸರಾಂತ ಚಿತ್ರಕಾರರಾದ ಸೊಪೊಲಿಸ್ ಮತ್ತು ಡಯೊನಿಸಿಯಸ್ ಇಬ್ಬರಿಗಿಂತ ಅವಳ ಚಿತ್ರಗಳಿಗೆ ಬಹಳ ಹೆಚ್ಚು ಬೆಲೆ ಸಿಗುತ್ತಿತ್ತು ಎಂದು ಪ್ಲಿನಿ ಬರೆದಿದ್ದಾನೆ. ಅವಳ ಒಂದು ಚಿತ್ರವೂ ಇಂದು ಉಳಿದಿಲ್ಲ. ಉಳಿದದ್ದು ಹೆಸರು ಮತ್ತು ಬೆಲೆಯ ಲೆಕ್ಕ. ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ಹೆಂಗಸು ಗಂಡಸರಿಗಿಂತ ಹೆಚ್ಚು ಕೇಳಿದಳು, ಜನ ಕೊಟ್ಟರು!

ಇದಕ್ಕೆ ಎದುರಾಗಿ ಜಾವಾದ ಬಾಟಿಕ್ ನೋಡಿ. ಅಲ್ಲಿ ಬಿಸಿ ಮೇಣ ಹಿಡಿಯುವ ಉಪಕರಣಕ್ಕೆ ಚಾಂಟಿಂಗ್ ಎನ್ನುತ್ತಾರೆ. ಹಿಡಿಕೆಯ ತುದಿಗೆ ಬೆರಳಿನಷ್ಟು ಚಿಕ್ಕ ತಾಮ್ರದ ಬಟ್ಟಲು, ಅದಕ್ಕೊಂದು ಸಣ್ಣ ಮೂತಿ. ಒಲೆಯ ಮೇಲಿನ ಬಾಣಲೆಯಿಂದ ಮೇಣ ಮೊಗೆದು, ತಣ್ಣಗಾಗುವ ಮೊದಲೇ ಬಟ್ಟೆಯ ಮೇಲೆ ಗೆರೆ ಎಳೆಯಬೇಕು. ತಲೆತಲಾಂತರದಿಂದ ಅದು ಹೆಂಗಸರ ಕೆಲಸ, ಒಂದು ಬಟ್ಟೆಗೆ ತಿಂಗಳುಗಳೇ ಬೇಕು. 19ನೇ ಶತಮಾನದ ನಡುವಿನಲ್ಲಿ ಚಾಪ್ ಎಂಬ ತಾಮ್ರದ ಅಚ್ಚು ಬಂತು. ತಿಂಗಳ ಕೆಲಸ ದಿನಗಳಲ್ಲಿ ಮುಗಿಯತೊಡಗಿತು, ಅಚ್ಚು ಒತ್ತುವ ಕೆಲಸ ಗಂಡಸರದಾಯಿತು. ಪೆಕಲೊಂಗನ್ ಪಟ್ಟಣದಲ್ಲಿ ಎಲಿಜಾ ವಾನ್ ಜೂಯ್ಲೆನ್ ಎಂಬಾಕೆ ಬಾಟಿಕ್ ಕಾರ್ಖಾನೆ ನಡೆಸಿ ಬಟ್ಟೆಗಳ ಮೇಲೆ ತನ್ನ ಸಹಿ ಹಾಕಿಸುತ್ತಿದ್ದಳು, ಇಂದು ಸಂಗ್ರಹಾಲಯಗಳು ಆ ಸಹಿಯನ್ನು ಹುಡುಕುತ್ತವೆ. ಯಜಮಾನಿಯೂ ಹೆಂಗಸೇ ಎಂದು ಸಂತೋಷಪಡಬಹುದು. ಆದರೆ ಕೂತು ಗೆರೆ ಎಳೆದ ಜಾವಾದ ಹೆಂಗಸರ ಹೆಸರು ಆ ಬಟ್ಟೆಯ ಮೇಲಿಲ್ಲ. 2009ರಲ್ಲಿ ಯುನೆಸ್ಕೊ ಇಂಡೊನೇಷ್ಯಾದ ಬಾಟಿಕ್‌ಗೆ ಮಾನ್ಯತೆ ಕೊಟ್ಟಿತು.

ರವೀಂದ್ರನಾಥ ಟಾಗೋರರು 1927ರಲ್ಲಿ ಜಾವಾಕ್ಕೆ ಹೋಗಿದ್ದರು. ಶಾಂತಿನಿಕೇತನದ ನೆರೆಯ ಶ್ರೀನಿಕೇತನದಲ್ಲಿ ಬಾಟಿಕ್ ಕಲಿಕೆಗೆ ಬೇರು ಕೊಟ್ಟವರಲ್ಲಿ ಅವರ ಸೊಸೆ ಪ್ರತಿಮಾ ದೇವಿಯವರ ಹೆಸರು ಮುಖ್ಯ. ನಮ್ಮಲ್ಲಿ ಮೇಣದ ಕೆಲಸ ಮನೆಯ ಹೆಂಗಸರ ಹವ್ಯಾಸವಾಗಿ ಹಬ್ಬಲು ಇಂಥ ಶಾಲೆಗಳು ದಾರಿ ಮಾಡಿಕೊಟ್ಟವು. ಹವ್ಯಾಸ ಎಂಬ ಮಾತಿನಲ್ಲೇ ತೊಡಕೂ ಇದೆ.

ನಮ್ಮ ಸ್ಟಾಲಿಗೆ ಬಂದವರು ಮೇಣದ ಚಿತ್ರ ಎತ್ತಿ ನೋಡಿ ಹೇಳುವುದನ್ನು ನೀವೂ ಕೇಳಿರುತ್ತೀರಿ: "ಮನೆಯಲ್ಲೇ ಮಾಡಿದ್ದಲ್ವಾ, ಇಷ್ಟ್ಯಾಕೆ?" ಸದಸ್ಯೆಯರಲ್ಲೂ ಅನೇಕರು ಮೇಣ, ಹಲಗೆ, ಬಣ್ಣದ ಖರ್ಚು ಮಾತ್ರ ಕೂಡಿಸಿ, ಅದಕ್ಕೆ ಐವತ್ತು ರೂಪಾಯಿ ಸೇರಿಸಿ ಬೆಲೆ ಹೇಳುತ್ತಾರೆ. ಪದರದ ಮೇಲೆ ಪದರ ಬೆಸೆಯುತ್ತ ಮೂರು ಮಧ್ಯಾಹ್ನ ನಿಂತದ್ದಕ್ಕೆ ಲೆಕ್ಕವಿಲ್ಲ. ಬೆರಳು ಸುಟ್ಟದ್ದಕ್ಕಂತೂ ಇಲ್ಲವೇ ಇಲ್ಲ. ಹೀಟ್ ಗನ್ ಬಂದ ಮೇಲೆ ಕೆಲಸ ಬೇಗ ಆಗುತ್ತದೆ, ಹಾಗಾಗಿ ಬೆಲೆಯೂ ಇಳಿಯಲಿ ಎನ್ನುವ ವಾದವೂ ಕೇಳಿಬಂದಿದೆ. ಬೇಗ ಆಗುವುದು ಕರಗಿಸುವ ಕೆಲಸ ಮಾತ್ರ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದಕ್ಕೆ ಇಂದಿಗೂ ಅಷ್ಟೇ ಸಮಯ ಬೇಕು.

ಮುಂದಿನ ಪ್ರದರ್ಶನಕ್ಕೆ ನಾನೊಂದು ಚೀಟಿ ಸಿದ್ಧಮಾಡಿದ್ದೇನೆ, ವಿಭಾಗದ ಸಭೆಯಲ್ಲಿ ಇಡುತ್ತೇನೆ. ಪ್ರತಿ ಕೃತಿಯ ಹಿಂದೆ ಅಂಟಿಸಲು. ಅದರಲ್ಲಿ ನಾಲ್ಕು ಸಾಲು: ಮಾಡಿದವರ ಪೂರ್ಣ ಹೆಸರು, ಬಳಸಿದ ಮೇಣ ಮತ್ತು ಸಾಮಾನು, ತಗಲಿದ ಗಂಟೆಗಳು, ಕೈಗೂಲಿ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ ಎಂಬ ಸೂಚನೆಯನ್ನು ಕೊನೆಗೆ ಸಣ್ಣ ಅಕ್ಷರದಲ್ಲಿ ಸೇರಿಸಿದ್ದೇನೆ. ಮುಂಬಯಿಯ ಮೇ ತಿಂಗಳು ಮೇಣಕ್ಕೆ ಒಳ್ಳೆಯದಲ್ಲ.