ಬೀಗ ಒಡೆದವರು ಬರೆಯುತ್ತಿದ್ದ ಕಾಗದ

ನಮ್ಮ ಸಾಫ್ಟ್‌ವೇರ್ ಮಂದಿಗೆ ವರ್ಷನ್ ಕಂಟ್ರೋಲ್ ಅನ್ನೋದು ಅಂಗಡಿಯ ಕಿರ್ದಿ ಪುಸ್ತಕ ಇದ್ದ ಹಾಗೆ. ಯಾವ ಫೈಲನ್ನು ಯಾರು, ಯಾವಾಗ, ಯಾಕೆ ಬದಲಾಯಿಸಿದರು ಅನ್ನೋದೆಲ್ಲ ಅದರಲ್ಲಿ ಇರುತ್ತೆ. ಆದರೆ ಒಂದೇ ಫೈಲಿಗೆ ಇಬ್ಬರು ಕೈ ಹಾಕಿದರೆ? ಈ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳು ಕಮಾಂಡಿನ ಬಾಲಕ್ಕೆ ಅಂಟಿಸುವ ಪುಟ್ಟ ಆಪ್ಶನ್‌ಗಳಲ್ಲಿ ಅಡಗಿವೆ.

ಶುರುವಾಗಿದ್ದು 1972ರಲ್ಲಿ. ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಕ್‌ಕೈಂಡ್ ಎಸ್‌ಸಿಸಿಎಸ್ ಬರೆದರು. ಯುನಿಕ್ಸ್‌ಗೆ ಬಂದ ಎಸ್‌ಸಿಸಿಎಸ್‌ನಲ್ಲಿ ಬರೀ 'ಗೆಟ್' ಅಂದರೆ ಓದೋದಕ್ಕೆ ಮಾತ್ರ ಪ್ರತಿ ಸಿಗುತ್ತಿತ್ತು. ತಿದ್ದಬೇಕಾದರೆ 'ಗೆಟ್ -ಇ' ಅನ್ನಬೇಕು. ಒಬ್ಬರು ಒಯ್ದದ್ದು ವಾಪಸ್ ಬರುವ ತನಕ ಇನ್ನೊಬ್ಬರು ಕಾಯಬೇಕು. ಲೈಬ್ರರಿ ಪುಸ್ತಕದ ಲೆಕ್ಕ!

80ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಚಿ ಆರ್‌ಸಿಎಸ್ ತಂದರು. ಅದರಲ್ಲಿ 'ಸಿಒ -ಎಲ್' ಅಂದರೆ ಫೈಲು ತೆಗೆದುಕೊಂಡು ಬೀಗ ಹಾಕು ಅಂತ. ಬೀಗ ಹಾಕಿದವರು ರಜೆ ಮೇಲೆ ಊರಿಗೆ ಹೋಗಿಬಿಟ್ಟರೆ? 'ಆರ್‌ಸಿಎಸ್ -ಯು' ಅಂತ ಹೇಳಿ ಅವರ ಬೀಗ ಒಡೆಯಬಹುದಿತ್ತು. ನನಗೆ ತುಂಬಾ ಇಷ್ಟವಾಗೋದು ಇಲ್ಲೇ... ಒಡೆಯುವವರನ್ನು ಆ ಪ್ರೋಗ್ರಾಂ ಯಾಕೆ ಅಂತ ಕೇಳುತ್ತಿತ್ತು. ಅವರು ಬರೆದ ಕಾರಣ ಬೀಗದ ಯಜಮಾನರಿಗೆ ಮೇಲ್ ಆಗಿ ಹೋಗುತ್ತಿತ್ತು!

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡಿಕ್ ಗ್ರೂನ್ ಅವರ ಕಷ್ಟ ಬೇರೆ. ಅವರು ಇಬ್ಬರು ವಿದ್ಯಾರ್ಥಿಗಳ ಜೊತೆ ಒಂದು ಸಿ ಕಂಪೈಲರ್ ಬರೆಯುತ್ತಿದ್ದರು, ಮೂವರ ಸಮಯವೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬೀಗ ಹಾಕಿದರೆ ಕೆಲಸವೇ ನಿಲ್ಲುತ್ತೆ. ಹಾಗಾಗಿ ಎಲ್ಲರೂ ತಂತಮ್ಮ ಪ್ರತಿಯಲ್ಲಿ ತಿದ್ದಿ ಆಮೇಲೆ ಬೆಸೆಯುವ ಸಿವಿಎಸ್ ಹುಟ್ಟಿತು. 1986ರಲ್ಲಿ ಅದನ್ನು ಎಲ್ಲರಿಗೂ ಹಂಚಿದರು. ಬೀಗ ಹೋಯಿತು, ಅದರ ಜೊತೆ ಕಾಗದವೂ ಹೋಯಿತು.

2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಗಿಟ್ ಶುರುಮಾಡಿದರು. ಬೇರೆಯವರ ಕೆಲಸ ಅಳಿಸಿಹೋಗುವಂತಿದ್ದರೆ ಗಿಟ್ ಕೂಡ ಸಾಮಾನ್ಯವಾಗಿ 'ಪುಶ್' ಅನ್ನು ತಿರಸ್ಕರಿಸುತ್ತೆ. ಆದರೆ '--ಫೋರ್ಸ್' ಸೇರಿಸಿದಿರೋ, ತೆಪ್ಪಗೆ ಒಪ್ಪಿಕೊಳ್ಳುತ್ತೆ. ಸಹೋದ್ಯೋಗಿಯ ಎರಡು ದಿನದ ಕೆಲಸ ಆ ಶಾಖೆಯಿಂದ ಮಾಯ. ಅವರ ಕಂಪ್ಯೂಟರಿನಲ್ಲಿ ಪ್ರತಿ ಉಳಿದಿರಬಹುದು, ನಿಜ. ಆದರೆ ಕಳೆದಿದೆ ಅಂತ ಗೊತ್ತಾದರೆ ತಾನೇ ಹುಡುಕೋದು?

2013ರಲ್ಲಿ '--ಫೋರ್ಸ್-ವಿತ್-ಲೀಸ್' ಬಂತು. ನಾನು ಕೊನೆಗೆ ನೋಡಿದಾಗ ಆ ಶಾಖೆ ಎಲ್ಲಿತ್ತೋ ಈಗಲೂ ಅಲ್ಲೇ ಇದ್ದರೆ ಮಾತ್ರ ಬಲವಂತ ಮಾಡು ಅಂತ ಅರ್ಥ. ಅದರಲ್ಲೂ ಒಂದು ತೂತಿತ್ತು. ನಮ್ಮ ಎಡಿಟರ್ ಹಿನ್ನೆಲೆಯಲ್ಲಿ ತಾನಾಗಿಯೇ 'ಫೆಚ್' ಮಾಡಿದ್ದರೆ, ನಾವು ಕಣ್ಣಲ್ಲೂ ನೋಡದ್ದನ್ನು ನೋಡಿದ್ದೇವೆ ಅಂದುಕೊಳ್ಳುತ್ತೆ! ಅದನ್ನು ಮುಚ್ಚೋಕೆ 2020ರ ಡಿಸೆಂಬರ್‌ನಲ್ಲಿ '--ಫೋರ್ಸ್-ಇಫ್-ಇನ್‌ಕ್ಲೂಡ್ಸ್' ಬಂತು.

ಒಟ್ಟಿನಲ್ಲಿ ಆಪ್ಶನ್‌ಗಳು ಜಾಣವಾಗುತ್ತಾ ಬಂದಿವೆ. ಆದರೆ ಯಾಕೆ ಒಡೆದೆ ಅಂತ ಕೇಳಿ, ಆ ಉತ್ತರವನ್ನು ಎದುರಿನವರಿಗೆ ಮುಟ್ಟಿಸುವ ಮರ್ಯಾದೆ ಆ ಹಳೇ '-ಯು'ಗೆ ಇತ್ತು. ಇವತ್ತು ಆ ಕೆಲಸ ನಮ್ಮದೇ. ಫೋರ್ಸ್ ಒತ್ತುವ ಮುಂಚೆ ಪಕ್ಕದ ಸೀಟಿನವರಿಗೆ ಒಂದು ಮಾತು ಹೇಳೋದಕ್ಕೆ ಯಾವ ಆಪ್ಶನ್ನೂ ಬೇಕಾಗಿಲ್ಲ, ಅಲ್ವಾ? :-)