ತಗಡೂರು ಸೀಮೆಯ ಕಲ್ಲುಗಳೂ ಅವನ್ನು ಅರಸಿ ಬರುವವರೂ

ಪಾಲಕೋಡ್, ಪೆನ್ನಾಗರಂ, ಧರ್ಮಪುರಿಗಳನ್ನು ಒಳಗೊಂಡ ಸೀಮೆಯು ಸಂಗಂ ಕಾಲದಲ್ಲಿ ಅದಿಯಮಾನ್ ದೊರೆಗಳ ತಗಡೂರು ನಾಡಾಗಿದ್ದು, 9ನೆಯ ಶತಮಾನದಲ್ಲಿ ನೊಳಂಬರ ಆಳ್ವಿಕೆಯನ್ನು ಕಂಡು, 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲ್ ಎಂಬ ಹೆಸರಿನಲ್ಲಿ ಟಿಪ್ಪುವಿನಿಂದ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಇಷ್ಟು ಪದರಗಳ ಚರಿತ್ರೆಯಿದ್ದರೂ ಇಲ್ಲಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರ ದಾರಿ ನೇರವಾಗಿ ಹೊಗೇನಕಲ್ ಜಲಪಾತಕ್ಕೆ ಹೋಗುತ್ತದೆ.

ಈ ಸೀಮೆಯ ನಿಜವಾದ ಸಂಪತ್ತು ವೀರಗಲ್ಲುಗಳು, ಅಂದರೆ ದನಗಳ್ಳರೊಡನೆ ಕಾದಿಯೋ ಊರಿಗಾಗಿ ಹೋರಾಡಿಯೋ ಮಡಿದವರ ನೆನಪಿಗೆ ನೆಟ್ಟ ಕಲ್ಲುಗಳು. ತಮಿಳಿನಲ್ಲಿ ‘ನಡುಕಲ್’ ಎನಿಸುವ ಇವುಗಳಲ್ಲಿ ಪಲ್ಲವರ ಕಾಲದವು ವಟ್ಟೆಳುತ್ತು ಎಂಬ ದುಂಡು ಲಿಪಿಯಲ್ಲಿವೆ; 1972ರಲ್ಲಿ ಆರ್. ನಾಗಸ್ವಾಮಿಯವರು ನೆರೆಯ ಚೆಂಗಂ ಪ್ರದೇಶದ ಕಲ್ಲುಗಳನ್ನು ಪ್ರಕಟಿಸಿದ ಮೇಲೆ ವಿದ್ವಾಂಸರ ಕಣ್ಣು ಇತ್ತ ಹೊರಳಿತು. ಆದರೆ ಅವರಿಗಿಂತ ಬಹಳ ಮೊದಲೇ ಹಳ್ಳಿಗರು ಇಂಥ ಕಲ್ಲುಗಳನ್ನು ‘ವೇಡಿಯಪ್ಪನ್’ ಎಂಬ ದೇವರೆಂದು ಪೂಜಿಸುತ್ತ, ಪೊಂಗಲ್ ಬೇಯಿಸಿ ಹರಕೆ ತೀರಿಸುತ್ತ ಬಂದವರು. ಎಣ್ಣೆ, ಅರಿಸಿನಗಳ ಲೇಪದಡಿ ಅಕ್ಷರ ಮಸುಕಾಗುವುದು ಶಾಸನಜ್ಞನಿಗೆ ಸಂಕಟವೇ ಸರಿ. ಆದರೂ ಕಲ್ಲು ಯಾರದೋ ಮನೆಯ ಅಡಿಪಾಯ ಸೇರದೆ ನಿಂತಲ್ಲೇ ಉಳಿಯಲು ಆ ಪೂಜೆಯೂ ಕಾರಣವೆಂಬುದನ್ನು ಮರೆಯಲಾಗದು.

ಬಾಬ್ ಮೆಕರ್ಚರ್ ಮತ್ತು ಹಿಲರಿ ಡು ಕ್ರೋ ಎಂಬ ವಿದ್ವಾಂಸರು 2002ರ ತಮ್ಮ ಗ್ರಂಥದಲ್ಲಿ ಸಾಂಸ್ಕೃತಿಕ ಪ್ರವಾಸಿಗರನ್ನು, ಪ್ರಯಾಣದ ನಿರ್ಧಾರದಲ್ಲಿ ಸಂಸ್ಕೃತಿಗೆ ಇರುವ ತೂಕ ಮತ್ತು ಪಡೆದ ಅನುಭವದ ಆಳ ಎಂಬ ಎರಡು ಅಳತೆಗಳಿಂದ ಐದು ಬಗೆಯಾಗಿ ವಿಂಗಡಿಸಿದ್ದಾರೆ. ಜಲಪಾತಕ್ಕೆಂದು ಹೊರಟು ದಾರಿಯಲ್ಲಿ ಧರ್ಮಪುರಿಯ ವಸ್ತುಸಂಗ್ರಹಾಲಯಕ್ಕೆ ಇಣುಕಿ, ವೀರಗಲ್ಲುಗಳ ಮುಂದೆ ಬೆರಗಾಗುವವನಿಗೆ ಈ ವಿಂಗಡಣೆಯಲ್ಲಿ ಜಾಗವಿದೆ. ತನ್ನನ್ನು ಪ್ರವಾಸಿಯೆಂದೇ ಎಣಿಸದ ಹರಕೆಯವನನ್ನು ಮಾತ್ರ ಅದರಲ್ಲಿ ಎಲ್ಲಿ ಕೂರಿಸಬೇಕೋ ತಿಳಿಯದು.

ಅದಿಯಮಾನ್‌ಕೋಟೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೃಷ್ಣಪಕ್ಷದ ಅಷ್ಟಮಿಯಂದು ಅಲ್ಲಿನ ಕಾಲಭೈರವನ ಗುಡಿಯಲ್ಲಿ ಬೂದುಗುಂಬಳಕಾಯಿಯ ದೀಪ ಹಚ್ಚಲು ಜನ ಕಿಕ್ಕಿರಿಯುತ್ತಾರೆ. ಅದೇ ಊರಿನ ಚೆನ್ನರಾಯ ಪೆರುಮಾಳ್ ಗುಡಿಯ ಮಂಟಪದ ಛಾವಣಿಯಲ್ಲಿರುವ ರಾಮಾಯಣ, ಮಹಾಭಾರತಗಳ ವರ್ಣಚಿತ್ರಗಳು ಕಲಾಸಕ್ತರನ್ನಷ್ಟೇ ಕರೆಯುತ್ತವೆ. 1925ರಲ್ಲಿ ಸುಬ್ರಹ್ಮಣ್ಯ ಶಿವ ಅವರು ಕೊನೆಯುಸಿರೆಳೆದ ಪಾಪ್ಪಾರಪಟ್ಟಿಗೆ ಹೋಗುವವರನ್ನು ಸೆಳೆಯುವುದು ಶಿಲ್ಪವೂ ಅಲ್ಲ, ಹರಕೆಯೂ ಅಲ್ಲ, ಸ್ವಾತಂತ್ರ್ಯ ಹೋರಾಟದ ಸ್ಮರಣೆ.

ಕನ್ನಡದ ಜಾಡು ಹಿಡಿದು ಬರುವವರ ಪಾಡು ಬೇರೆ. ನಿಧಿಯಣ್ಣ, ಚಂದಿಯಣ್ಣ ಎಂಬ ವರ್ತಕ ಸಹೋದರರು ತಗಡೂರಿನಲ್ಲಿ ಕಟ್ಟಿಸಿದ ಬಸದಿಗೆ, ಎಂದರೆ ಜೈನ ದೇಗುಲಕ್ಕೆ, ದತ್ತಿ ಸಂದುದನ್ನು ಹೇಳುವ ನೊಳಂಬ ಮಹೇಂದ್ರನ ಕಾಲದ 893ರ ಕನ್ನಡ ಶಾಸನದ ಕಂಬವು ಊರು ಬಿಟ್ಟು ಚೆನ್ನೈ ವಸ್ತುಸಂಗ್ರಹಾಲಯವನ್ನು ಸೇರಿದೆ. ಧರ್ಮಪುರಿಯಲ್ಲಿ ಅವರು ನೋಡಬಹುದಾದದ್ದು ಕೋಟೆಯ ಮಲ್ಲಿಕಾರ್ಜುನ ಗುಡಿಯ ನೊಳಂಬ ಶೈಲಿಯ ಕಂಬಗಳನ್ನು ಮತ್ತು ಪಕ್ಕದ ಕಾಮಾಕ್ಷಿ ಗುಡಿಯ ಅಧಿಷ್ಠಾನದಲ್ಲಿ, ಅಂದರೆ ಗೋಡೆಯನ್ನು ಹೊತ್ತ ಪೀಠದಲ್ಲಿ, ಸಾಲಾಗಿ ಕೊರೆದ ರಾಮಾಯಣದ ಕಿರುಶಿಲ್ಪಗಳನ್ನು. ಅವು ಮಂಡಿಯೂರಿ ಕೂತವರಿಗೆ ಮಾತ್ರ ಸರಿಯಾಗಿ ಕಾಣುತ್ತವೆ.